ಆಟೋಟೂಲ್ಸ್ ಸ್ಕ್ರಿಪ್ಟ್‌ಗಳನ್ನು ಪ್ರಾಜೆಕ್ಟ್‌ನಿಂದ ತೆಗೆಯುವುದು ಹೇಗೆ?

ಸೋರ್ಸ್‌ನಿಂದ ಪ್ರೋಗ್ರಾಂ ಕಟ್ಟುವ (ಬಿಲ್ಡ್) ಕೆಲಸಕ್ಕೆ ನಿಮ್ಮ ಸಿ ಪ್ರಾಜೆಕ್ಟ್ ಹಳೆಯ ಆಟೋಟೂಲ್ಸ್ ಬಿಟ್ಟು ಮೆಸಾನ್‌ಗೆ ಬದಲಾಗಿದೆ. ಆದರೂ ಆಟೋಟೂಲ್ಸ್‌ನ ಕಾನ್ಫಿಗರ್.ಎಸಿ, ಮೇಕ್‌ಫೈಲ್.ಎಎಂ, ಆಟೋಜೆನ್.ಎಸ್‌ಎಚ್ ಇನ್ನೂ ರೆಪೊದಲ್ಲೇ ಕೂತಿವೆ. ಇದ್ದರೆ ಇರಲಿ ಅನ್ನಿಸುತ್ತದೆ, ಅಲ್ವಾ? ಆದರೆ ಹೊಸ ಸೋರ್ಸ್ ಫೈಲ್ ಬಂದಾಗಲೆಲ್ಲ ಎರಡು ಕಡೆ ಬರೆಯಬೇಕು. ಒಂದು ಕಡೆ ಮರೆತೇ ಹೋಗುತ್ತದೆ.

ಇನ್ನೂ ದೊಡ್ಡ ಕಾರಣವಿದೆ. 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಜೆಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದು (ಬ್ಯಾಕ್‌ಡೋರ್) ಪತ್ತೆಯಾಯಿತು. ಬಿಲ್ಡ್ ಹೊತ್ತಿನಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟಿದ್ದು ತಿದ್ದಿದ ಒಂದು ಎಂ4 ಫೈಲ್, ಅಂದರೆ ಆಟೋಟೂಲ್ಸ್ ಬಳಸುವ ಮ್ಯಾಕ್ರೊ ಫೈಲ್. ಆ ಫೈಲ್ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಗೆ ಕಟ್ಟಿದ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಎಂ4 ಫೈಲ್‌ಗಳನ್ನು ಕೂತು ಓದುವವರು ತೀರಾ ಕಡಿಮೆ. ಬೇಡವಾದ ಮೇಲೂ ಅವನ್ನು ಇಟ್ಟುಕೊಳ್ಳುವುದು ಸರಿಯಲ್ಲ.

ಮೊದಲು, ಹಳೆಯ ದಾರಿಯನ್ನು ಯಾರು ಬಳಸುತ್ತಿದ್ದಾರೆ ಅಂತ ಹುಡುಕಿ. ‘ಗಿಟ್ ಗ್ರೆಪ್’ ಹಾಕಿ ಆಟೋಜೆನ್, ಕಾನ್ಫಿಗರ್ ಪದಗಳು ಎಲ್ಲೆಲ್ಲಿವೆ ನೋಡಿ. ಸಿಐ (ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ) ಫೈಲ್, ಡಾಕರ್‌ಫೈಲ್, ರೀಡ್‌ಮಿಯಲ್ಲಿ ಖಂಡಿತ ಸಿಗುತ್ತವೆ. ರೆಪೊದ ಹೊರಗೂ ಬಳಕೆದಾರರಿದ್ದಾರೆ. ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳಲ್ಲಿ ಪ್ಯಾಕೇಜ್ ಕಟ್ಟುವವರಿಗೆ ಮುಂಚೆಯೇ ತಿಳಿಸಿ, ಒಂದು ಬಿಡುಗಡೆಯಷ್ಟು ಸಮಯ ಕೊಡಿ. ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ 2017ರಲ್ಲಿ ಹೀಗೇ ಮಾಡಿತು. 234ನೇ ಆವೃತ್ತಿಯಲ್ಲಿ ಎರಡೂ ಇದ್ದವು, 235ರಲ್ಲಿ ಆಟೋಟೂಲ್ಸ್ ಹೋಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ತನ್ನ 16ನೇ ಆವೃತ್ತಿಯಲ್ಲಿ ಮೆಸಾನ್ ತಂದಿತು. 17ರಲ್ಲಿ ವಿಷುಯಲ್ ಸ್ಟುಡಿಯೊಗಿದ್ದ ಹಳೆಯ ಸ್ಕ್ರಿಪ್ಟ್‌ಗಳನ್ನು ಮಾತ್ರ ತೆಗೆದು, ಆಟೋಟೂಲ್ಸ್‌ನ ಭಾಗವಾದ ಆಟೋಕಾನ್ಫ್ ಉಳಿಸಿಕೊಂಡಿತು. ಪೂರ್ತಿ ಬದಲಿ ಸಿಕ್ಕಿದ್ದನ್ನಷ್ಟೇ ತೆಗೆಯಬೇಕು. ನಿಮ್ಮಲ್ಲೂ ಅಷ್ಟೇ ಮಾಡಿ.

ಇನ್ನು ಮುಖ್ಯವಾದ ಕೆಲಸ. ಅಳಿಸುವ ಮುಂಚೆ ಎರಡೂ ವ್ಯವಸ್ಥೆಗಳಲ್ಲಿ ಬಿಲ್ಡ್ ಮಾಡಿ. ಡೆಸ್ಟ್‌ಡಿರ್ (ಎಲ್ಲಿಗೆ ಇನ್‌ಸ್ಟಾಲ್ ಆಗಬೇಕು ಅಂತ ಹೇಳುವ ಸೆಟ್ಟಿಂಗ್) ಕೊಟ್ಟು ಎರಡು ಬೇರೆ ಬೇರೆ ಖಾಲಿ ಫೋಲ್ಡರ್‌ಗಳಿಗೆ ಇನ್‌ಸ್ಟಾಲ್ ಮಾಡಿ. ಫೈಲ್‌ಗಳ ಪಟ್ಟಿಗಳನ್ನು ‘ಡಿಫ್’ನಲ್ಲಿ ಹೋಲಿಸಿ. ಮ್ಯಾನ್ ಪೇಜ್, ಹೆಡರ್, ಪಿಕೆಜಿ-ಕಾನ್ಫಿಗ್ ಫೈಲ್ ಯಾವುದು ತಪ್ಪಿಹೋಗಿದ್ದರೂ ಇಲ್ಲೇ ಗೊತ್ತಾಗುತ್ತದೆ.

ಲೈಬ್ರರಿಯ ಆವೃತ್ತಿ ಸಂಖ್ಯೆಯನ್ನು ಜಾಸ್ತಿ ಗಮನವಿಟ್ಟು ನೋಡಿ. ಆಟೋಟೂಲ್ಸ್‌ನಲ್ಲಿ ಲೈಬ್ರರಿ ಕಟ್ಟುವ ಲಿಬ್‌ಟೂಲ್‌ನಲ್ಲಿ 6:2:1 ಅಂತ ಬರೆದಿದ್ದರೆ ಲಿನಕ್ಸ್‌ನಲ್ಲಿ ಬರುವ ಫೈಲ್‌ನ ಸಂಖ್ಯೆ 6.2.1 ಅಲ್ಲ, 5.1.2. ಮೊದಲ ಸಂಖ್ಯೆಯಿಂದ ಮೂರನೆಯದನ್ನು ಕಳೆಯಬೇಕು. ಆಮೇಲೆ ಮೂರನೆಯದು, ಕೊನೆಗೆ ಎರಡನೆಯದು. ಹಾಗಾಗಿ ಮೆಸಾನ್‌ನಲ್ಲಿ ವರ್ಷನ್ 5.1.2, ಎಸ್‌ಒ-ವರ್ಷನ್ (ಪ್ರೋಗ್ರಾಂಗಳು ಲೈಬ್ರರಿ ಹುಡುಕುವ ಸಂಖ್ಯೆ) 5 ಅಂತ ಕೊಡಬೇಕು. ಸುಮ್ನೆ ಎಸ್‌ಒ-ವರ್ಷನ್ 6 ಅಂತ ಹಾಕಿದರೆ ಜನರ ಕಂಪ್ಯೂಟರ್‌ನಲ್ಲಿರುವ ಪ್ರೋಗ್ರಾಂಗಳಿಗೆ ಆ ಲೈಬ್ರರಿ ಸಿಗುವುದೇ ಇಲ್ಲ.

ಅನುವಾದಗಳನ್ನೂ ಮರೆಯಬೇಡಿ. ಕೆಲವು ಹಳೆಯ ಪ್ರಾಜೆಕ್ಟ್‌ಗಳಲ್ಲಿ ಭಾಷೆಗಳ ಪಟ್ಟಿ ಕಾನ್ಫಿಗರ್.ಎಸಿ ಒಳಗೇ ಇರುತ್ತದೆ. ಮೆಸಾನ್ ನೋಡುವುದು ಪಿಒ ಫೋಲ್ಡರ್‌ನ ಲಿಂಗುವಾಸ್ ಫೈಲನ್ನು. ಅದರಲ್ಲಿ ಕನ್ನಡದ ‘ಕೆಎನ್’ ಸಂಕೇತ ಇಲ್ಲದಿದ್ದರೆ, ಯಾರೋ ಕಷ್ಟಪಟ್ಟು ಮಾಡಿದ ಕನ್ನಡ ಅನುವಾದ ರೆಪೊದಲ್ಲಿದ್ದರೂ ಇನ್‌ಸ್ಟಾಲ್ ಆಗುವುದಿಲ್ಲ. ಎರರ್ ಕೂಡ ಬರುವುದಿಲ್ಲ.

ಇನ್‌ಸ್ಟಾಲ್ ಆದ ಫೈಲ್‌ಗಳ ಪಟ್ಟಿಗಳು ಹೊಂದಿದ ಮೇಲೆ ಆಟೋಟೂಲ್ಸ್ ಫೈಲ್‌ಗಳನ್ನು ‘ಗಿಟ್ ಆರ್‌ಎಂ’ ಮಾಡಿ. ಎಂ4 ಫೋಲ್ಡರ್‌ನಲ್ಲಿ, ಎಲ್ಲ ಉಪಫೋಲ್ಡರ್‌ಗಳಲ್ಲಿ ಉಳಿದ ಆಟೋಟೂಲ್ಸ್ ಫೈಲ್‌ಗಳನ್ನೂ ತೆಗೆಯಿರಿ. ಇದಕ್ಕೆ ಪ್ರತ್ಯೇಕ ಕಮಿಟ್ ಇರಲಿ, ಬೇರೆ ತಿದ್ದುಪಡಿ ಬೆರೆಸಬೇಡಿ. ಏನಾದರೂ ಕೆಟ್ಟರೆ ಅದೊಂದನ್ನೇ ಹಿಂದಕ್ಕೆ ತೆಗೆದುಕೊಳ್ಳಬಹುದು. ‘ಮೆಸಾನ್ ಡಿಸ್ಟ್’ ಕೂಡ ಒಮ್ಮೆ ಓಡಿಸಿ. ಗಿಟ್‌ಗೆ ಕಮಿಟ್ ಆದ ಫೈಲ್‌ಗಳನ್ನಷ್ಟೇ ಅದು ಟಾರ್‌ಬಾಲ್‌ಗೆ ಹಾಕುತ್ತದೆ.

ತಂಡದವರಿಗೆ ಒಂದು ಸೂಚನೆ ಕಳಿಸಿ. ಅವರ ಫೋಲ್ಡರ್‌ನಲ್ಲಿ ಹಳೆಯ ಕಾನ್ಫಿಗ್.ಎಚ್ ಉಳಿದಿದ್ದರೆ ಕಂಪೈಲರ್ ಹೊಸದರ ಬದಲು ಅದನ್ನೇ ಓದಬಹುದು. ‘ಗಿಟ್ ಕ್ಲೀನ್ -ಎಕ್ಸ್‌ಡಿಎನ್’ ಹಾಕಿದರೆ ಏನೇನು ಅಳಿಯುತ್ತದೆ ಅಂತ ತೋರಿಸುತ್ತದೆ. ಬೇಕಾದ ಫೈಲ್ ಆ ಪಟ್ಟಿಯಲ್ಲಿಲ್ಲ ಅಂತ ಖಾತ್ರಿಯಾದ ಮೇಲೆ ಎನ್ ಬದಲು ಎಫ್ ಹಾಕಲಿ.