ಅವಲೋಕಿತೇಶ್ವರ ಸಾಧನೆ: ಅಣ್ಣನ ಮೇಲಿನ ದ್ವೇಷ ಕರಗಿದ ಬಗೆ

ಟಿಬೆಟನ್ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನ ಅಭಿಷೇಕ, ಅಂದರೆ ಗುರುವಿನಿಂದ ದೀಕ್ಷೆ, ಪಡೆದು ಮಂತ್ರ ಎಣಿಸಿದ ಮಾತ್ರಕ್ಕೆ ಕರುಣೆ ಹುಟ್ಟುವುದಿಲ್ಲವೆಂದು ವಿಪಶ್ಯನಾ ಧ್ಯಾನ ಮಾಡುವ ನನ್ನ ಗೆಳೆಯರು ಹೇಳುತ್ತಿದ್ದರು. ಮೊದಲ ಎರಡು ವರ್ಷ ಅವರ ಮಾತೇ ನಿಜವೆನಿಸಿತ್ತು.

2012ರ ಜನವರಿಯಲ್ಲಿ ಬೋಧಗಯೆಯಲ್ಲಿ ಕಾಲಚಕ್ರವೆಂಬ ಟಿಬೆಟನ್ ಬೌದ್ಧ ತಂತ್ರದ ದೀಕ್ಷೆಗೆ ಹೋದಾಗ ರೈಲು, ವಸತಿ, ಊಟಕ್ಕೆಂದು 15,000 ರೂಪಾಯಿಯಷ್ಟು ಖರ್ಚಾಯಿತು. ಪೂರ್ವಸಿದ್ಧತೆಯ ದಿನ ಕೊಟ್ಟ ದರ್ಭೆಗಳಲ್ಲಿ ಉದ್ದನೆಯದನ್ನು ಹಾಸಿಗೆಯ ಕೆಳಗೂ ಚಿಕ್ಕದನ್ನು ದಿಂಬಿನ ಕೆಳಗೂ ಇಟ್ಟು ಮಲಗಿದೆ; ಆ ರಾತ್ರಿಯ ಕನಸನ್ನು ಗಮನಿಸಬೇಕೆಂಬುದು ಪದ್ಧತಿ, ನನಗೋ ಕನಸೇ ಬೀಳಲಿಲ್ಲ. ಊರಿಗೆ ಮರಳಿ, ಬೈಲಕುಪ್ಪೆಯ ಹಿರಿಯ ಲಾಮಾ ಒಬ್ಬರಿಂದ ಚತುರ್ಭುಜ ಅವಲೋಕಿತೇಶ್ವರನ ಅಭಿಷೇಕವನ್ನೂ ಲುಂಗನ್ನೂ (ಗುರು ಪಠ್ಯವನ್ನು ಓದಿ ಕೇಳಿಸಿ ಕೊಡುವ ಅನುಮತಿ) ಪಡೆದು, 8,000 ರೂಪಾಯಿಯ ತಂಗ್ಕಾ (ಬಟ್ಟೆಯ ಮೇಲಿನ ದೇವತಾಚಿತ್ರ) ಕೊಂಡು, ದಿನಕ್ಕೆ ಹತ್ತು ಮಾಲೆಯಂತೆ ಜಪಕ್ಕೆ ಕುಳಿತೆ. 108 ಮಣಿಗಳ ಮಾಲೆಯನ್ನು ನೂರೆಂದೇ ಲೆಕ್ಕ ಹಿಡಿದದ್ದರಿಂದ 6 ಲಕ್ಷ ಮುಗಿಯಲು ಸುಮಾರು 20 ತಿಂಗಳು ಬೇಕಾಯಿತು. ಅಷ್ಟಾದರೂ, ಜಮೀನಿನ ಬದುವಿಗಾಗಿ ನನ್ನ ಮೇಲೆ ದಾವೆ ಹೂಡಿದ್ದ ಅಣ್ಣನ ಹೆಸರು ಕಿವಿಗೆ ಬಿದ್ದರೆ ಹಲ್ಲು ಕಡಿಯುತ್ತಿದ್ದೆ. ವಕೀಲರಿಗೆ ಸುರಿದದ್ದೇ 60,000ಕ್ಕೆ ಕಡಿಮೆಯಿರಲಿಲ್ಲ.

ತಪ್ಪು ಎಲ್ಲಿತ್ತೆಂದು ಹುಡುಕಿದೆ. ಸಕಲ ಜೀವಿಗಳ ನೆತ್ತಿಯ ಮೇಲೆ ಅವಲೋಕಿತೇಶ್ವರನನ್ನು ಭಾವಿಸುವಾಗ, ಆ 'ಸಕಲ'ರ ಗುಂಪಿನಲ್ಲಿ ಅಣ್ಣನನ್ನು ಮರೆಮಾಡಿ ದಾಟಿಬಿಡುತ್ತಿದ್ದೆ. ಆದ್ದರಿಂದ ಎರಡನೆಯ ಸುತ್ತಿನಲ್ಲಿ ಮೊದಲ ಮಾಲೆ ಮುಗಿಯುವವರೆಗೆ ಅವನೊಬ್ಬನ ನೆತ್ತಿಯ ಮೇಲಷ್ಟೇ ಮೂರ್ತಿಯನ್ನು ಕೂರಿಸಿ, ಆ ಮೂರ್ತಿಯ ಹೃದಯದಲ್ಲಿ ಭಾವಿಸುವ ಹ್ರೀಃ ಬೀಜಾಕ್ಷರದ ಬೆಳಕು ಅವನ ಮೇಲೆಯೇ ಇಳಿಯಬೇಕೆಂದು ಕಟ್ಟು ಮಾಡಿಕೊಂಡೆ. ಅಣ್ಣನ ಮುಖ ಮೂಡಿದೊಡನೆ ಮಂತ್ರ ತಡವರಿಸುತ್ತಿತ್ತು. ಮೊದಲ ತಿಂಗಳು ಆ ಒಂದು ಮಾಲೆಯೂ ಪೂರ್ತಿಯಾಗಲಿಲ್ಲ. ಆ ಬೆಳಕನ್ನು ಕದಲದಂತೆ ನಿಲ್ಲಿಸುವ ಹದವೊಂದಿದೆ. ಸಮಯವ್ರತಕ್ಕೆ, ಅಂದರೆ ದೀಕ್ಷೆಯೊಡನೆ ಬರುವ ಗೋಪ್ಯತೆಯ ಪ್ರತಿಜ್ಞೆಗೆ, ಒಳಪಟ್ಟದ್ದಾದ್ದರಿಂದ ಇಲ್ಲಿ ಬರೆಯಲಾರೆ; ಅಭಿಷೇಕ ಪಡೆದವರು ತಮ್ಮ ಗುರುಗಳನ್ನು ಕೇಳಿ ತಿಳಿಯಬಹುದು.

ನಡುವೆ, ಪರರ ನೋವನ್ನು ಉಸಿರಿನೊಡನೆ ಒಳಗೆಳೆದು ಸುಖವನ್ನು ಹೊರಬಿಡುವಂತೆ ಭಾವಿಸುವ ಟೊಂಗ್ಲೆನ್ ಧ್ಯಾನವನ್ನೂ ಪರೀಕ್ಷಿಸಿದೆ. ನಮ್ಮ ಬೀದಿಯ ಕಾಲು ಮುರಿದ ನಾಯಿಯ ನೋವನ್ನು ಉಸಿರಿನೊಡನೆ ಒಳಗೆಳೆದುಕೊಳ್ಳುವುದು ವಾರದಲ್ಲೇ ಒಗ್ಗಿತು. ಅಣ್ಣನ ವಿಷಯದಲ್ಲಿ ಅದು ಸಾಧ್ಯವಾಗಲಿಲ್ಲ. ಅವನ ನೋವೇನೆಂದು ನನಗೆ ತಿಳಿದೇ ಇರಲಿಲ್ಲ.

ಎರಡನೆಯ ಸುತ್ತಿನ ಹದಿನಾಲ್ಕನೆಯ ತಿಂಗಳಿರಬೇಕು. ನ್ಯಾಯಾಲಯದ ಪಡಸಾಲೆಯಲ್ಲಿ ಅಣ್ಣ ಬುತ್ತಿಯ ಮುಚ್ಚಳ ತೆಗೆಯುತ್ತಿದ್ದಾಗ ಬಲಗೈ ನಡುಗಿ, ಮೊಸರನ್ನ ಪಂಚೆಯ ಮೇಲೆ ಚೆಲ್ಲಿತು. ಕರೆಯದೆಯೇ ನನ್ನೊಳಗೆ ಮಂತ್ರ ಎದ್ದಿತು.

"ಅಣ್ಣಾ, ಕೈಗೆ ಏನಾಯಿತು?"

"ಎರಡು ವರ್ಷವಾಯಿತು ಕಣೋ, ಹೀಗೇ."

ಡಬ್ಬಿಯನ್ನು ನಾನು ಹಿಡಿದುಕೊಂಡೆ, ಅವನು ಉಂಡ. ಮುಂದಿನ ತಿಂಗಳು ರಾಜಿ ಅರ್ಜಿಗೆ ಇಬ್ಬರೂ ಸಹಿ ಹಾಕಿದೆವು. ನನ್ನನ್ನು ನಂಬದಿದ್ದ ಗೆಳೆಯರಲ್ಲಿ ಇಬ್ಬರು ಈಗ ಲುಂಗ್ ಪಡೆದು ಜಪಕ್ಕೆ ಕುಳಿತಿದ್ದಾರೆ.