ದೋಸ್ತನ ಜೊತೆ ವಿಯೆಟ್ನಾಂ: ಎಡವಟ್ಟಾಗದಂತೆ ತಿರುಗೋದು ಹೇಗೆ?

ಉತ್ತರ ವಿಯೆಟ್ನಾಂನ ಗುಡ್ಡದ ಊರು ಸಾಪಾ ಕಡೆ ಹೊರಟ ಸ್ಲೀಪರ್ ಬಸ್ಸು ಹನೋಯ್ ಬಿಟ್ಟು ಎರಡು ತಾಸಾಗಿತ್ತು. ಮೇಲಿನ ಬರ್ತಿನಿಂದ ದೋಸ್ತ ತಲೆ ಹೊರಗೆ ಹಾಕಿ ಕೇಳಿದ, "ಪಾಸ್‌ಪೋರ್ಟ್ ಇಸ್ಕೊಂಡಿ ಅಲ್ಲಾ?"

"ನೀ ಇಸ್ಕೊಂಡಿಲ್ಲೇನು?"

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ವಿಯೆಟ್ನಾಂನಲ್ಲಿ ಲಾಡ್ಜಿಗೆ ಹೋದ ಕೂಡಲೇ ಪಾಸ್‌ಪೋರ್ಟ್ ಕೇಳುತ್ತಾರೆ. ತಂಗುವವರ ವಿವರ ಪೊಲೀಸರಿಗೆ ಕೊಡಬೇಕು ಅನ್ನೋ ನಿಯಮ ಅಲ್ಲಿದೆ. ಕೆಲವರು ನೋಡಿ ವಾಪಸ್ ಕೊಡುತ್ತಾರೆ, ಕೆಲವರು ನಾವು ಹೊರಡುವ ತನಕ ಡ್ರಾಯರ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ನಮ್ಮವು ಡ್ರಾಯರ್‌ನಲ್ಲೇ ಉಳಿದಿದ್ದವು. ಅವನು ಇಸ್ಕೊಂಡಿರ್ತಾನೆ ಅಂತ ನಾನು, ನಾನು ಇಸ್ಕೊಂಡಿರ್ತೀನಿ ಅಂತ ಅವನು. ಫೋನ್ ಮಾಡಿದ್ವಿ, ಲಾಡ್ಜಿನವರು ಪುಣ್ಯಾತ್ಮರು, ಮರುದಿನದ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದರು.

ಕಲಬುರಗಿಗೆ ಬಂದು ಲೆಕ್ಕ ಹಾಕಿ ನೋಡಿದರೆ ಆ ಪ್ರವಾಸದಲ್ಲಿ ಆದ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಒಬ್ಬನೇ ಹೋಗಿದ್ದರೆ ಬಹುಶಃ ಆಗುತ್ತಲೇ ಇರಲಿಲ್ಲ! ಅದಕ್ಕೇ ಇಬ್ಬರು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮನೆಯಲ್ಲೇ ಮುಗಿಸುವ ಕೆಲಸ

ಇ-ವೀಸಾ ಸರ್ಕಾರಿ ವೆಬ್‌ಸೈಟಿನಲ್ಲೇ ಮಾಡಿಸಿ. ಒಂದು ಸಲ ಒಳಗೆ ಹೋಗುವ ವೀಸಾಕ್ಕೆ 25 ಡಾಲರ್, 90 ದಿನದವರೆಗೆ ಸಿಗುತ್ತದೆ. ಅದೇ ತರ ಕಾಣುವ ಖಾಸಗಿ ಸೈಟುಗಳು ಜಾಸ್ತಿ ಕೀಳುತ್ತವೆ. ನಮ್ಮ ಭಾಗದಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಅಪ್ಪನ ಹೆಸರೂ ಸೇರಿ ಉದ್ದಕ್ಕೆ ಒಂದೇ ಹೆಸರು ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ತುಂಬಿ. ತಪ್ಪಾದರೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ನಿಮ್ಮ ಅರ್ಜಿ ದೋಸ್ತ ಓದಲಿ, ಅವನದು ನೀವು ಓದಿ. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳಲ್ಲ ಅಲ್ವಾ?

ಆಮೇಲೆ ಕಾರ್ಡು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ಬರುವಾಗ ದೇಶದೊಳಗಿನ ಬಳಕೆಗೆ ಮಾತ್ರ ಚಾಲೂ ಇರುತ್ತವೆ. ಹೊರದೇಶದ್ದನ್ನು ಬ್ಯಾಂಕಿನ ಆ್ಯಪಿನಲ್ಲಿ ನಾವೇ ಆನ್ ಮಾಡಬೇಕು. ಆನ್ ಮಾಡಲು ಓಟಿಪಿ ಬೇಕು, ಓಟಿಪಿ ಬರೋದು ಇಲ್ಲಿನ ಸಿಮ್ಮಿಗೆ, ಆ ಸಿಮ್ ತೆಗೆದು ಅಲ್ಲಿನದು ಹಾಕಿಕೊಂಡು ಎಟಿಎಂ ಮುಂದೆ ನಿಂತರೆ ಏನಾಗುತ್ತದೆ ಅಂತ ನಾನು ವಿವರಿಸಬೇಕಿಲ್ಲ. ಊರಲ್ಲೇ ಆನ್ ಮಾಡಿ, ಸಿಮ್ಮಿಗೆ ರೋಮಿಂಗ್ ಹಾಕಿಸಿ. ಅಲ್ಲಿನ ಎಟಿಎಂ "ರೂಪಾಯಿಯಲ್ಲಿ ಲೆಕ್ಕ ಹಾಕಲೇ?" ಅಂತ ಕೇಳಿದರೆ ಬೇಡ ಅನ್ನಿ. ಆ ದರ ದುಬಾರಿ.

ರೊಟ್ಟಿ ಒಯ್ಯುತ್ತೀರಿ, ಗೊತ್ತು. ಕಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಇಡಿ. ನಾವು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ತುರುಕಿದ್ವಿ, ಹನೋಯ್‌ನಲ್ಲಿ ಬಿಚ್ಚಿದಾಗ ಅರ್ಧ ಪುಡಿ. ಶೇಂಗಾ ಹಿಂಡಿ ಕಲಸಿ ಚಮಚದಲ್ಲಿ ತಿಂದ್ವಿ. ಕೆಟ್ಟದಾಗೇನೂ ಇರಲಿಲ್ಲ.

ನೋಟು ಕೊಡುವ ಮುಂಚೆ ಸೊನ್ನೆ ಎಣಿಸಿ

ನಮ್ಮ ಒಂದು ರೂಪಾಯಿಗೆ ಹತ್ತಿರಹತ್ತಿರ 300 ಡಾಂಗ್. ಜೇಬಿನಲ್ಲಿ ಲಕ್ಷಗಳು ಇರುತ್ತವೆ, ಖುಷಿ ಆಗುತ್ತದೆ. ತೊಂದರೆ ಏನೆಂದರೆ 20,000ದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ, ಎರಡರ ಮೇಲೂ ಅಲ್ಲಿನ ರಾಷ್ಟ್ರನಾಯಕ ಹೋ ಚಿ ಮಿನ್ ಅವರ ಅದೇ ಚಿತ್ರ, ಎರಡೂ ಪ್ಲಾಸ್ಟಿಕ್. ಸಂಜೆ ಬೆಳಕಿನಲ್ಲಿ ದೋಸ್ತ 65 ರೂಪಾಯಿಯ ಕಾಫಿಗೆ ಸಾವಿರದ ಆರುನೂರು ರೂಪಾಯಿ ಕೊಟ್ಟು ಎದ್ದು ನಡೆದ. ಅಂಗಡಿಯ ಅಜ್ಜಿ ಹಿಂದೆ ಓಡಿಬಂದು ವಾಪಸ್ ಕೊಟ್ಟಳು. ಎಲ್ಲ ಕಡೆ ಅಂಥ ಅಜ್ಜಿ ಇರಲ್ಲ. 5 ಲಕ್ಷದ ನೋಟಿಗೆ ಬೇರೆ ಜೇಬು ಮಾಡಿ, ಆ ಜೇಬಿಗೆ ಕೈ ಹಾಕುವಾಗ ಇಬ್ಬರೂ ನೋಡಿ.

ಚಾ ಬೇರೆ, ಚಾಯ್ ಬೇರೆ

ಹನೋಯ್ ಕಡೆ ಟೀಗೆ ಅವರು ಹೇಳುವ ಪದ ನಮ್ಮ ಕಿವಿಗೆ ಥೇಟ್ "ಚಾ" ಅಂತಲೇ ಕೇಳುತ್ತದೆ. ಕಲಬುರಗಿಯವರಿಗೆ ಇದಕ್ಕಿಂತ ಸುಲಭ ಉಂಟಾ? ಆದರೆ ಅಭ್ಯಾಸಬಲದಿಂದ "ಚಾಯ್" ಅಂದರೆ ಅದು ಸಸ್ಯಾಹಾರ ಅಂದಂತೆ. ಚಾ ಬೇಕಾಗಿ "ಚಾಯ್" ಅಂದ ದೋಸ್ತನಿಗೆ ಹೋಟೆಲಿನಾಕೆ ಸೊಪ್ಪು, ತೋಫು ತೋರಿಸಿದಳು.

ಈ ಪದ ಶಾಕಾಹಾರಿಗಳನ್ನು ಉಳಿಸುತ್ತದೆ, ನೆನಪಿಡಿ. ಬರೇ "ಮಾಂಸ ಬೇಡ" ಅಂದರೆ ಮಾಂಸ ತೆಗೆದು ಮೀನಿನ ಸಾಸು ಹಾಕಿ ಕೊಡುತ್ತಾರೆ, ಅವರ ಪ್ರಕಾರ ಅದು ಉಪ್ಪಿನ ಲೆಕ್ಕ. ಬೋರ್ಡಿನಲ್ಲಿ "ಚಾಯ್" (Chay) ಅಂತ ಬರೆದ ಹೋಟೆಲು ಹುಡುಕಿ. ಅಲ್ಲಿನ ಬೌದ್ಧರಲ್ಲಿ ಬಹಳ ಜನ ಚಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಮುಟ್ಟುವುದಿಲ್ಲ. ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು. ಆ ದಿನಗಳಲ್ಲಿ ಊಟಕ್ಕೆ ಚಿಂತೆಯಿಲ್ಲ.

ತಪ್ಪಿಸಿಕೊಂಡರೆ ಎಲ್ಲಿ ನಿಲ್ಲಬೇಕು?

ಹನೋಯ್‌ನ ಹಳೇ ಪೇಟೆಯಲ್ಲಿ ಒಂದೊಂದು ಬೀದಿಗೆ ಒಂದೊಂದು ಸಾಮಾನಿನ ಹೆಸರು: ಬೆಳ್ಳಿ ಬೀದಿ, ರೇಷ್ಮೆ ಬೀದಿ. ನಮ್ಮ ಸರಾಫ್ ಬಜಾರ್, ಕಪಡಾ ಬಜಾರ್ ಇದ್ದಂಗೆ. ಆದರೆ ಹೊಸಬರಿಗೆ ಎಲ್ಲ ಗಲ್ಲಿಯೂ ಒಂದೇ ಥರ. ದೋಸ್ತನ ಫೋನಿನ ಚಾರ್ಜ್ ಮುಗಿದಿತ್ತು, ಪವರ್ ಬ್ಯಾಂಕ್ ನನ್ನ ಬ್ಯಾಗಿನಲ್ಲಿತ್ತು, ಎರಡು ತಾಸು ಹುಡುಕಿದೆ. ಬೆಳಿಗ್ಗೆಯೇ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಹೊವಾನ್ ಕಿಯೆಮ್ ಕೆರೆಯ ಕೆಂಪು ಮರದ ಸೇತುವೆ ಒಳ್ಳೆಯದು, ಯಾರನ್ನು ಕೇಳಿದರೂ ತೋರಿಸುತ್ತಾರೆ. ಲಾಡ್ಜಿನ ವಿಳಾಸದ ಚೀಟಿ ಇಬ್ಬರ ಜೇಬಿನಲ್ಲೂ ಇರಲಿ.

ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ, ಅಲ್ಲಿ ಗಾಡಿ ಓಡೋದು ಬಲಗಡೆ. ನಿಧಾನಕ್ಕೆ ಒಂದೇ ಗತಿಯಲ್ಲಿ ನಡೆದರೆ ಬೈಕಿನವರು ಪಕ್ಕದಿಂದ ಸುತ್ತಿಕೊಂಡು ಹೋಗುತ್ತಾರೆ. ನಡುವೆ ಓಡಬೇಡಿ, ದೋಸ್ತನ ಕೈ ಹಿಡಿದು ಹಿಂದಕ್ಕೆ ಎಳೆಯಲೂ ಬೇಡಿ.

ಸ್ಲೀಪರ್ ಬಸ್ಸಿನಲ್ಲಿ ಹತ್ತುವಾಗಲೇ ಬೂಟು ಬಿಚ್ಚಿಸಿ ಕವರ್ ಕೊಡುತ್ತಾರೆ. ದಾರಿಯಲ್ಲಿ ನಿಲ್ಲಿಸಿದಾಗ ಬುಟ್ಟಿಯಲ್ಲಿನ ಚಪ್ಪಲಿ ಹಾಕಿಕೊಂಡು ಇಳಿಯಬೇಕು. ಅಲ್ಲಿ ಅದೇ ಬಣ್ಣದ ಆರೇಳು ಬಸ್ಸು ನಿಂತಿರುತ್ತವೆ. ಇಳಿದ ಕೂಡಲೇ ನಂಬರ್ ಪ್ಲೇಟಿನ ಫೋಟೋ ತೆಗೆಯಿರಿ.

ಪಾಸ್‌ಪೋರ್ಟ್ ಖರೇನೇ ಕಳೆದರೆ

ಹತ್ತಿರದ ಪೊಲೀಸರಲ್ಲಿ ದೂರು ಕೊಟ್ಟು ಬರಹದಲ್ಲಿ ಪ್ರತಿ ಇಸ್ಕೊಳ್ಳಿ. ತುರ್ತಿದ್ದರೆ ಪೊಲೀಸ್ 113, ಆಂಬುಲೆನ್ಸ್ 115. ಆಮೇಲೆ ಹನೋಯ್‌ನ ಭಾರತದ ರಾಯಭಾರ ಕಚೇರಿ, ದಕ್ಷಿಣದಲ್ಲಿದ್ದರೆ ಹೋ ಚಿ ಮಿನ್ ಸಿಟಿಯ ಕಾನ್ಸುಲೇಟ್. ಅವರು ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟಿನಲ್ಲಿ ಭಾರತಕ್ಕೆ ಮಾತ್ರ ಬರಬಹುದು, ಪ್ರವಾಸ ಮುಂದುವರಿಸಲು ಆಗದು. ಅಲ್ಲಿನ ವಲಸೆ ಇಲಾಖೆಯಿಂದ ದೇಶ ಬಿಡುವ ಅನುಮತಿಯೂ ಬೇಕು. ಇದಕ್ಕೆಲ್ಲ ದಿನಗಳೇ ಹಿಡಿಯುತ್ತವೆ. ಪಾಸ್‌ಪೋರ್ಟ್, ವೀಸಾದ ಜೆರಾಕ್ಸ್ ಮತ್ತು ಎರಡು ಫೋಟೋ ಬ್ಯಾಗಿನಲ್ಲಿ ಇದ್ದರೆ ಓಡಾಟ ಕಮ್ಮಿ. ನಿಮ್ಮ ಜೆರಾಕ್ಸ್ ದೋಸ್ತನ ಬ್ಯಾಗಿನಲ್ಲಿ, ಅವನದು ನಿಮ್ಮದರಲ್ಲಿ. ಅಸಲಿ ಮಾತ್ರ ಅವರವರದು ಅವರವರ ಹತ್ತಿರ.

ಜಗಳದ ಬಗ್ಗೆ ಒಂದೇ ಮಾತು. ರೊಕ್ಕದ ಲೆಕ್ಕ ರಾತ್ರಿ ಮಲಗುವ ಮುಂಚೆ ಮುಗಿಸಿ, ವಾರಕ್ಕೊಂದು ಮಧ್ಯಾಹ್ನ ಬೇರೆ ಬೇರೆ ತಿರುಗಿ.

ಕೊನೆಗೆ, ಡಾಂಗ್ ಅಲ್ಲೇ ಖರ್ಚು ಮಾಡಿ ಇಲ್ಲವೇ ಬದಲಿಸಿ ಬನ್ನಿ, ಇಲ್ಲಿ ತಗೊಳ್ಳೋರು ಸಿಗೋದು ಕಷ್ಟ. ಸಾವಿರ ರೂಪಾಯಿ ಇಂಡಿಯಾ ದುಡ್ಡು ಬ್ಯಾಗಿನ ತಳದಲ್ಲಿ ಇಟ್ಟಿರಿ. ಹೈದರಾಬಾದಿನಲ್ಲಿ ಇಳಿದು ಕಲಬುರಗಿ ಬಸ್ಸು ಹತ್ತಿದಾಗ ನಮ್ಮಿಬ್ಬರ ಫೋನೂ ಸತ್ತಿದ್ದವು, ರೂಪಾಯಿ ಅವನ ಹತ್ತಿರ ಇದೆ ಅಂತ ನಾನು, ನನ್ನ ಹತ್ತಿರ ಅಂತ ಅವನು. ದೋಸ್ತ ಜೇಬೆಲ್ಲ ತಡಕಿ ಕೊನೆಗೆ ಒಂದು ನೀಲಿ ನೋಟು ತೆಗೆದ. ಕಂಡಕ್ಟರ್ ಅದನ್ನು ಬೆಳಕಿಗೆ ಹಿಡಿದು ಸೊನ್ನೆ ಎಣಿಸಿ ಹೇಳಿದರು, "ಇಪ್ಪತ್ತು ಸಾವಿರಕ್ಕ ಚಿಲ್ರಿ ಎಲ್ಲಿಂದ ತರ್ಲಿ ರೀ?"