ಗೋಡೆಗೊಂದು ಕಬ್ಬಿಣದ ಕನ್ನಡ ಪದ, ಹಿಂದೆ ತೇಗದ ಹಲಗೆ

ನಿಮಗಿಷ್ಟದ ಒಂದು ಕನ್ನಡ ಪದವನ್ನು ಕಬ್ಬಿಣದ ಶೀಟಿನಲ್ಲಿ ಕತ್ತರಿಸಿ, ತೇಗದ ಹಲಗೆಯ ಮೇಲೆ ಕೂರಿಸಿ ಹಾಲ್‌ನಲ್ಲಿ ಹಾಕಿದರೆ ಅದರ ಅಂದವೇ ಬೇರೆ. ಮಾಡಿಸುವುದು ಕಷ್ಟವೇನಲ್ಲ. ಆದರೆ ಅಕ್ಷರದ ಕೆಲಸವೆಲ್ಲ ಕಂಪ್ಯೂಟರಿನಲ್ಲೇ ಮುಗಿಯಬೇಕು. ಶೀಟು ಲೇಸರ್ ಕಟಿಂಗ್ ಮೆಷಿನ್ ಮೇಲೆ ಕೂತ ಮೇಲೆ ತಿದ್ದಲು ಆಗುವುದಿಲ್ಲ.

ಮೊದಲು ಅಳತೆ. ಸೋಫಾದ ಮೇಲಿನ ಗೋಡೆಯಾದರೆ ಹಲಗೆಯ ಅಗಲ ಸೋಫಾದ ಮೂರರಲ್ಲಿ ಎರಡು ಪಾಲು ದಾಟದಿರಲಿ. ಹಳೇ ಪೇಪರನ್ನು ಅದೇ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ಓಡಾಡುತ್ತಾ ನೋಡಿ. ಇಲ್ಲಿ 30 ಇಂಚು ಅಗಲ, 16 ಇಂಚು ಎತ್ತರದ ಹಲಗೆ, ಅದರ ಮೇಲೆ 20 ಇಂಚಿನ ಪದ ಎಂದಿಟ್ಟುಕೊಳ್ಳೋಣ.

ಅಕ್ಷರ ಕೂಡಿಸುವುದು

ಫಾಂಟ್ ದಪ್ಪದ್ದಿರಲಿ. ಉಚಿತವಾಗಿ ಸಿಗುವ ‘ಬಲೂ ತಮ್ಮ’ ಈ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ತೆಳು ಗೆರೆಯ ಫಾಂಟ್ ಪರದೆಯ ಮೇಲೆ ಚಂದ, ಶೀಟಿನಲ್ಲಿ ಕೈ ತಾಗಿದರೆ ಬಾಗುತ್ತದೆ.

‘ಅಕ್ಕರೆ’ ಎಂಬ ಪದವನ್ನೇ ತೆಗೆದುಕೊಳ್ಳಿ. ಹಾಗೇ ಕತ್ತರಿಸಿದರೆ ಕೈಗೆ ಬರುವುದು ನಾಲ್ಕು ಬಿಡಿ ತುಂಡು: ಅ, ಕ, ಅದರ ಕೆಳಗಿನ ಒತ್ತು, ಮತ್ತೆ ರೆ. ಹೆಚ್ಚಿನ ಫಾಂಟ್‌ಗಳಲ್ಲಿ ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗಿರುವುದಿಲ್ಲ. ಅದನ್ನು ಸ್ವಲ್ಪ ಮೇಲಕ್ಕೆ ಸರಿಸಿ, 8ರಿಂದ 10 ಎಂಎಂ ಅಗಲಕ್ಕೆ ‘ಕ’ದ ಬುಡಕ್ಕೆ ಅಂಟುವಂತೆ ಮಾಡಿ. ಪಕ್ಕಪಕ್ಕದ ಅಕ್ಷರಗಳನ್ನೂ ಹತ್ತಿರ ತಂದು ಹೊಟ್ಟೆಗೆ ಹೊಟ್ಟೆ ತಾಗಿಸಿ. ಮೇಲೆ ಒಂದು ಉದ್ದ ಪಟ್ಟಿ ಎಳೆದು ಎಲ್ಲವನ್ನೂ ಅದಕ್ಕೆ ನೇತುಹಾಕುವುದು ಮಾತ್ರ ಬೇಡ. ಅದು ಹಿಂದಿಯ ಚಹರೆ. ನಮ್ಮ ತಲೆಕಟ್ಟು ಅಕ್ಷರಕ್ಕೊಂದು ಬೇರೆ ಬೇರೆಯೇ ಇರಬೇಕು, ಅಲ್ವಾ? ಪಟ್ಟಿ ಬೇಕೇ ಬೇಕೆಂದರೆ ಅಡಿಯಲ್ಲಿ ಕೊಡಿ.

ಶೀಟು ಉಳಿದು ಅಕ್ಷರ ತೂತಾಗಿ ಕಾಣಬೇಕೆಂದರೆ ತೊಂದರೆ ಉಲ್ಟಾ. ‘ರ’ದ ಒಳಗಿನ ದುಂಡು, ಸೊನ್ನೆಯ ನಡುವಿನ ಬಿಲ್ಲೆ ಕಳಚಿ ಬೀಳುತ್ತವೆ. ಅವನ್ನು ಹಿಡಿದಿಡಲು 3 ಎಂಎಂಗೆ ಕಡಿಮೆಯಿಲ್ಲದ ಸಣ್ಣ ಸೇತುವೆಗಳನ್ನು ಬಿಡಬೇಕು.

ಇಷ್ಟಕ್ಕೆ ಉಚಿತವಾಗಿ ಸಿಗುವ, ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಸಾಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ‘ಆಬ್ಜೆಕ್ಟ್ ಟು ಪಾಥ್’ ಕೊಡಿ; ಅಕ್ಷರ ಬರೀ ಗೆರೆಯ ಚಿತ್ರವಾಗುತ್ತದೆ. ಇಲ್ಲದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರಗಳು ಬದಲಾಗುತ್ತವೆ. ಸರಿಸಿ ಕೂಡಿಸಿದ ಮೇಲೆ, ಎಲ್ಲವನ್ನೂ ಒಂದೇ ಆಕಾರ ಮಾಡುವ ‘ಯೂನಿಯನ್’ ಕೊಡುವುದನ್ನು ಮರೆಯಬೇಡಿ. ಒಂದರೊಳಗೊಂದು ಹೊಕ್ಕ ಗೆರೆಗಳು ಉಳಿದರೆ ಲೇಸರ್ ಅವನ್ನೂ ಕತ್ತರಿಸುತ್ತದೆ, ಕೂಡಿಸಿದ್ದೆಲ್ಲ ಮತ್ತೆ ಬಿಡಿಬಿಡಿ. ಸ್ಕ್ರೂ ತೂತುಗಳನ್ನೂ (ಅವು ಹೇಗಿರಬೇಕೆಂಬುದು ‘ಹಲಗೆಗೆ ಕೂರಿಸುವುದು’ ಭಾಗದಲ್ಲಿದೆ) ಈಗಲೇ ಬರೆದು, ಲೇಸರ್‌ನವರು ಬಳಸುವ ಡಿಎಕ್ಸ್‌ಎಫ್ ಫೈಲ್ ಮಾಡಿ. ಬಡಗಿ ಇಂಚಿನಲ್ಲಿ ಮಾತಾಡುತ್ತಾರೆ, ಲೇಸರ್‌ನವರು ಎಂಎಂನಲ್ಲಿ. 20 ಇಂಚೆಂದರೆ 508 ಎಂಎಂ. ಅದನ್ನು ಚೀಟಿಯಲ್ಲೂ ಬರೆದುಕೊಡಿ.

ಕತ್ತರಿಸಿ, ಬಣ್ಣ ಹಾಕಿಸಿ

ಬೆಂಗಳೂರಿನ ಪೀಣ್ಯದಂಥ ಕಡೆ ಲೇಸರ್ ಕಟಿಂಗ್ ಅಂಗಡಿಗಳು ಜಾಸ್ತಿ. 2 ಎಂಎಂ ಸಿಆರ್ (ಕೋಲ್ಡ್ ರೋಲ್ಡ್, ಅಂದರೆ ಕಾಯಿಸದೆ ಒತ್ತಿ ನಯ ಮಾಡಿದ) ಶೀಟ್ ಕೇಳಿ. ಒಂದು ಚದರ ಮೀಟರಿಗೆ ಇದು 15.7 ಕೆಜಿ ತೂಗುತ್ತದೆ, ನಮ್ಮ ಪದ ಸುಮಾರು ಒಂದು ಕೆಜಿ ಆಗಬಹುದು. ಕತ್ತರಿಸುವ ಗೆರೆ ಉದ್ದವಾದಷ್ಟೂ, ತೂತು ಹೆಚ್ಚಾದಷ್ಟೂ ಖರ್ಚು ಏರುತ್ತದೆ. ಸುಮ್ನೆ ಬಳ್ಳಿ, ಹೂವು ತುಂಬಬೇಡಿ. ಕರಾವಳಿಯವರು ಕಬ್ಬಿಣದ ಬದಲು ಸ್ಟೇನ್‌ಲೆಸ್ ಸ್ಟೀಲ್ ಆರಿಸುವುದು ಒಳ್ಳೆಯದು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ಶೀಟು ಕೈಗೆ ಬಂದ ಮೇಲೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಆಕ್ಸಿಜನ್ ಬಳಸಿ ಕತ್ತರಿಸಿದ್ದರೆ ಕಪ್ಪು-ಬೂದಿ ಬಣ್ಣದ ತೆಳು ಪೊರೆ ಕಾಣುತ್ತದೆ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಪೊರೆಯ ಜೊತೆಗೇ ಎದ್ದು ಬರುತ್ತದೆ. ಅರದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಥಿನ್ನರ್‌ನಲ್ಲಿ ಒರೆಸಿ. ಆಮೇಲೆ ಮ್ಯಾಟ್ ಕಪ್ಪು ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಾಕಿ ಬಿಸಿಯಲ್ಲಿ ಕರಗಿಸಿ ಅಂಟಿಸುವುದು) ಮಾಡಿಸಿ. ಮನೆಯಲ್ಲೇ ಮಾಡುವುದಾದರೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಸ್ಪ್ರೇ.

ಹಲಗೆಗೆ ಕೂರಿಸುವುದು

ತೇಗ ಚೆನ್ನಾಗಿ ಒಣಗಿರಬೇಕು. ಒಣಗಿದ ಮರವೂ ಮಳೆಗಾಲದಲ್ಲಿ ತುಸು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದೂ ಮರದ ಎಳೆಗಳ ಉದ್ದಕ್ಕಲ್ಲ, ಅಡ್ಡಕ್ಕೆ. ಕಬ್ಬಿಣ ಹಾಗೆ ಹಿಗ್ಗುವುದಿಲ್ಲ. ಎರಡನ್ನೂ ಬಿಗಿದು ಕಟ್ಟಿದರೆ ಹಲಗೆ ಸೀಳುತ್ತದೆ. ಅದಕ್ಕೇ ಒಂದು ಸ್ಕ್ರೂ ತೂತು ಮಾತ್ರ ಸರಿ ಅಳತೆಗಿರಲಿ, ಉಳಿದವು ಎಳೆಗೆ ಅಡ್ಡಲಾಗಿ ಸ್ವಲ್ಪ ಉದ್ದವಿರಲಿ. ಸ್ಕ್ರೂ ತಲೆ ಅದನ್ನು ಮುಚ್ಚುತ್ತದೆ. ಶೀಟಿಗೂ ಹಲಗೆಗೂ ನಡುವೆ 12 ಎಂಎಂ ಉದ್ದದ ಪೈಪ್ ತುಂಡುಗಳನ್ನು ಕೊಡಿ. ಮೇಲಿನಿಂದ ಬೆಳಕು ಬಿದ್ದಾಗ ಅಕ್ಷರದ ನೆರಳು ಮರದ ಮೇಲೆ ಮೂಡುತ್ತದೆ. ಇಡೀ ಕೆಲಸದ ಚೆಲುವು ಇರುವುದು ಆ ಸಂದಿಯಲ್ಲೇ, ಅದನ್ನು ಬಿಟ್ಟು ಅಂಟಿಸಬೇಡಿ.

18 ಎಂಎಂ ದಪ್ಪದ ಹಲಗೆಯೂ ಸೇರಿದರೆ ಒಟ್ಟು ತೂಕ ಐದು ಕೆಜಿಯ ಆಸುಪಾಸು. ಒಂದೇ ಮೊಳೆಗೆ ದಾರ ಕಟ್ಟಿ ತೂಗುಹಾಕುವುದು ಸರಿಯಲ್ಲ. ಒಂದು ಮರದ ಪಟ್ಟಿಯನ್ನು 45 ಡಿಗ್ರಿ ಓರೆಯಾಗಿ ಉದ್ದಕ್ಕೆ ಸೀಳಿಸಿ. ಒಂದು ತುಂಡು ಗೋಡೆಗೆ, ಇನ್ನೊಂದು ಹಲಗೆಯ ಬೆನ್ನಿಗೆ. ಓರೆ ಅಂಚುಗಳು ಕೊಕ್ಕೆಯಂತೆ ಒಂದಕ್ಕೊಂದು ಸಿಕ್ಕಿ ಕೂತರೆ ಅಲುಗುವುದಿಲ್ಲ. ಗೋಡೆ ಕೊರೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಸ್ವಿಚ್ ಬೋರ್ಡಿನ ನೇರ ಮೇಲೆ ಮಾತ್ರ ಕೊರೆಯಬೇಡಿ. ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ.